ರೈಲಿನ ಎತ್ತರಕ್ಕೆ ಬರೆದ ಓಲೆಗಳು

ಫಿಲಡೆಲ್ಫಿಯಾದ ಸಿಟಿ ಹಾಲ್ ಬುಡದಲ್ಲಿರುವ ನಿಲ್ದಾಣದಿಂದ ಪಶ್ಚಿಮಕ್ಕೆ ಹೊರಟ ರೈಲು ಬಹು ದೂರದವರೆಗೆ ಪ್ರವಾಸಿಗೆ ಏನನ್ನೂ ತೋರಿಸುವುದಿಲ್ಲ. ಸುರಂಗದಲ್ಲೇ ಸ್ಕೂಲ್‌ಕಿಲ್ ನದಿಯನ್ನು ದಾಟಿ, ಎರಡು ದೊಡ್ಡ ವಿಶ್ವವಿದ್ಯಾಲಯಗಳ ಪಕ್ಕದ ನೆಲದಡಿಯಲ್ಲಿ ಹಾದು, 40ನೇ ಬೀದಿಯ ನಿಲ್ದಾಣ ಬಿಟ್ಟ ಮೇಲೆ ಅದು ತಟ್ಟನೆ ಬೆಳಕಿಗೆ ಬರುತ್ತದೆ. ಆಮೇಲೆ ಮಾರ್ಕೆಟ್ ಸ್ಟ್ರೀಟಿನ ನೆತ್ತಿಯ ಮೇಲೆ, ಕಂಬಗಳ ಮೇಲಿನ ಹಳಿಯಲ್ಲಿ ಓಟ. 1907ರಲ್ಲಿ ಶುರುವಾದ ಈ ಮಾರ್ಗವನ್ನು ಊರಿನವರು ‘ಎಲ್’ ಎಂದೇ ಕರೆಯುತ್ತ ಬಂದಿದ್ದಾರೆ. ಇಲ್ಲಿಂದ ಮುಂದೆ ಕಿಟಕಿಯ ಮಟ್ಟಕ್ಕೆ ಕಾಣುವುದು ಎರಡು ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡಗಳ ತಾರಸಿಗಳು, ಹೊಗೆಗೂಡುಗಳು, ಪಕ್ಕದ ಮನೆ ಕೆಡವಿದ್ದರಿಂದ ಬೆತ್ತಲಾಗಿ ನಿಂತ ಪಕ್ಕೆಗೋಡೆಗಳು. 2009ರಲ್ಲಿ ಸ್ಟೀಫನ್ ಪವರ್ಸ್ ಎಂಬ ಕಲಾವಿದ ಮತ್ತವನ ತಂಡದವರು 45ನೇ ಬೀದಿಯಿಂದ 63ನೇ ಬೀದಿಯವರೆಗೆ ಇಂಥ ಗೋಡೆಗಳ ಮೇಲೆ 50 ಚಿತ್ರಗಳನ್ನು ಬರೆದರು. ‘ಲವ್ ಲೆಟರ್’ ಎಂದು ಹೆಸರಾದ ಈ ಸಾಲುಚಿತ್ರಗಳಲ್ಲಿ ಮುಖಗಳು ಕಡಿಮೆ, ಅಕ್ಷರಗಳೇ ಹೆಚ್ಚು. ದಪ್ಪ, ದುಂಡು, ಹೊಳೆಯುವ ಅಕ್ಷರಗಳು. ಅಂಗಡಿಯ ಬೋರ್ಡು ಬರೆಯುವವನ ಕೈಬರಹ. ಒಂದು ಗೋಡೆ 52ನೇ ಬೀದಿಯ ಅಂಕಿಯ ಮೇಲೆಯೇ ಪದವಾಡಿ, ಅರೆಗಳಿಗೆಯಾದರೂ ಅಲ್ಲಿ ಬಂದು ಸಿಗು ಎಂದು ಕೇಳುತ್ತದೆ. ಇನ್ನೊಂದು, ಪ್ರೀಪೇಡ್ ಫೋನಿನಲ್ಲಿ ಕರೆನ್ಸಿ ಮುಗಿಯುವ ತನಕ ಮಾತಾಡೋಣ ಎನ್ನುತ್ತದೆ. ಮಗುವಿನ ಡೇಕೇರ್ ದುಡ್ಡಿನ, ಬಸ್ ಚಾರ್ಜಿನ ಹೊಣೆ ಹೊರುವ ಪ್ರೇಮಿಯೂ ಇದ್ದಾನೆ.

ಊರಿನ ಮೇಲಿನ ಪ್ರೀತಿಯನ್ನು ಗೋಡೆಗೆ ಏರಿಸುವುದು ಈಗ ಜಗತ್ತಿನ ಎಲ್ಲ ದೊಡ್ಡ ನಗರಗಳ ಚಾಳಿ. ಹಾಗಾಗಿ ಯಾವ ಪ್ರೀತಿಯನ್ನು ನಂಬಬೇಕು, ಯಾವುದನ್ನು ಜಾಹೀರಾತೆಂದು ಪಕ್ಕಕ್ಕಿಡಬೇಕು ಎಂಬುದಕ್ಕೆ ಒಂದು ಒರೆಗಲ್ಲು ಬೇಕು. ಚಿತ್ರ ಎಷ್ಟು ಚೆಂದ, ಎಷ್ಟು ದೊಡ್ಡದು, ಬರೆದವರು ಎಷ್ಟು ಹೆಸರುವಾಸಿ ಎಂಬುದರಿಂದ ಈ ಲೆಕ್ಕ ತೀರುವುದಿಲ್ಲ. ಅದು ಯಾರನ್ನು ಉದ್ದೇಶಿಸಿ ಮಾತಾಡುತ್ತಿದೆ ಎಂದು ನೋಡಬೇಕು ಎಂಬುದು ನನ್ನ ವಾದ. ನ್ಯೂಯಾರ್ಕನ್ನು ಪ್ರೀತಿಸುತ್ತೇನೆ ಎನ್ನುವ, ಕೆಂಪು ಹೃದಯದ ಆ ಪ್ರಸಿದ್ಧ ಚಿಹ್ನೆಯನ್ನು ಮಿಲ್ಟನ್ ಗ್ಲೇಸರ್ 1977ರಲ್ಲಿ ರೂಪಿಸಿದ್ದು ಆ ರಾಜ್ಯದ ಪ್ರವಾಸೋದ್ಯಮದ ಪ್ರಚಾರಕ್ಕಾಗಿ. ಅದರ ಓದುಗ ಇನ್ನೂ ಊರಿಗೆ ಬಂದಿಲ್ಲದವನು. ಫಿಲಡೆಲ್ಫಿಯಾದಲ್ಲೇ ಸಿಟಿ ಹಾಲಿನಿಂದ ಕೂಗಳತೆಯ ದೂರದಲ್ಲಿ, ರಾಬರ್ಟ್ ಇಂಡಿಯಾನಾ ಮಾಡಿದ ‘ಲವ್’ ಶಿಲ್ಪವಿದೆ. 1976ರಲ್ಲಿ ದೇಶದ ದ್ವಿಶತಮಾನೋತ್ಸವಕ್ಕೆಂದು ಬಂದ ಅದನ್ನು ಎರಡು ವರ್ಷದ ಮೇಲೆ ತೆಗೆದಿದ್ದರು. ಜನ ಬಿಡದೆ ಕೇಳಿದ್ದರಿಂದ ಮತ್ತೆ ತಂದು ನಿಲ್ಲಿಸಿದರು. ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ದಿನವಿಡೀ ಸರದಿ. ಆದರೆ ಅದೇ ನಾಲ್ಕು ಅಕ್ಷರಗಳು ಸಿಂಗಪುರದಲ್ಲೂ ಟೋಕಿಯೋದಲ್ಲೂ ನಿಂತಿವೆ. ಎಲ್ಲಿ ಇಟ್ಟರೂ ನಡೆಯುವ ಪ್ರೀತಿ ಅದು, ವಿಳಾಸವಿಲ್ಲದ್ದು. 52ನೇ ಬೀದಿಯ ಚಿತ್ರವನ್ನು 53ನೇ ಬೀದಿಗೆ ಒಯ್ದರೂ ಅದು ಸತ್ತುಹೋಗುತ್ತದೆ.

ಮಾರ್ಕೆಟ್ ಸ್ಟ್ರೀಟಿನ ಚಿತ್ರಗಳಲ್ಲಿ ವಿಳಾಸ ಇರುವುದು ಮಾತಿನಲ್ಲಿ ಮಾತ್ರವಲ್ಲ, ಅವುಗಳ ಎತ್ತರದಲ್ಲೂ ಇದೆ. ಕೆಳಗೆ ರಸ್ತೆಯಲ್ಲಿ ನಡೆಯುವವನಿಗೆ ಇವುಗಳಲ್ಲಿ ಅನೇಕವು ಕಾಣುವುದೇ ಇಲ್ಲ, ಕಂಡರೂ ತುಂಡು ತುಂಡಾಗಿ. ಕಾರಿನಲ್ಲಿ ಬಂದವನಿಗಂತೂ ಹಳಿಯ ಹೊಟ್ಟೆ ಬಿಟ್ಟು ಬೇರೇನೂ ಇಲ್ಲ. ರೈಲಿನಲ್ಲಿ ಕೂತವರಿಗೆ, ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತ ನಿಂತವರಿಗೆ ಮಾತ್ರ ಅವು ನೆಟ್ಟಗೆ ತೆರೆದುಕೊಳ್ಳುತ್ತವೆ. ಅಂದರೆ ಇವುಗಳ ಓದುಗರು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವ ಆಸ್ಪತ್ರೆಯ ಆಯಾಗಳು, ಹೋಟೆಲ್ ಕೆಲಸದವರು, ಶಾಲೆ ಮಕ್ಕಳು, ಕಚೇರಿಯ ಗುಮಾಸ್ತರು. ಒಮ್ಮೆ ನೋಡಿ ಹೋಗುವವರಲ್ಲ, ನೂರಾರು ಸಲ ನೋಡಬೇಕಾದವರು. ಅದಕ್ಕೇ ಒಂದೊಂದು ಗೋಡೆಯೂ ಒಂದೇ ಉಸಿರಿನಷ್ಟು ಮಾತಾಡುತ್ತದೆ, ಒಂದರ ಮಾತು ಮುಂದಿನ ನಿಲ್ದಾಣದ ಗೋಡೆಗೆ ದಾಟುತ್ತದೆ. ಇನ್ನೊಂದು ಸಂಗತಿಯೂ ಇದೆ. ಮಾರ್ಗದ ಕೊನೆಯ 69ನೇ ಬೀದಿಯ ನಿಲ್ದಾಣ ಊರಿನ ಗಡಿಯಾಚೆ ಇರುವಂಥದ್ದು. ಉಪನಗರದವರು ಅಲ್ಲಿ ಹತ್ತಿ, ವೆಸ್ಟ್ ಫಿಲಡೆಲ್ಫಿಯಾದ ಮಾಡುಗಳನ್ನು ಕಡೆಗಣ್ಣಿನಿಂದಲೂ ನೋಡದೆ ಊರ ನಡುವೆ ಹೋಗಿ ಇಳಿಯುತ್ತಾರೆ. ಅರೆಗಳಿಗೆಯಾದರೂ ಬಂದು ಸಿಗು ಎಂಬ ಕರೆ ಅವರಿಗೂ ತಾಗುತ್ತದೆ: ಇಲ್ಲಿ ಇಳಿಯಬಹುದು, ಇಲ್ಲೂ ಜನರಿದ್ದಾರೆ.

ಆ ಕರೆಗೆ ಕಾರಣ ಗಟ್ಟಿಯಾಗಿಯೇ ಇತ್ತು. ಹಳೆಯ ಹಳಿಸೇತುವೆ ತುಕ್ಕು ಹಿಡಿದಿದ್ದರಿಂದ 1999ರಿಂದ ಸುಮಾರು ಹತ್ತು ವರ್ಷ ಅದನ್ನು ಕಿತ್ತು ಹೊಸದಾಗಿ ಕಟ್ಟಿದರು. ಹತ್ತು ವರ್ಷ ಅಂಗಡಿ ಮುಂದೆ ಗುಂಡಿ, ಬೇಲಿ, ಧೂಳು ಇದ್ದರೆ ಯಾವ ವ್ಯಾಪಾರ ಉಳಿದೀತು? ಬೆಂಗಳೂರಿನಲ್ಲಿ ಮೆಟ್ರೋ ಕಂಬಗಳು ಏಳುವಾಗ ರಸ್ತೆಬದಿಯ ಅಂಗಡಿಕಾರರು ಪಟ್ಟ ಪಾಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪವರ್ಸ್ ಬಂದದ್ದು ಆ ಕಾಮಗಾರಿ ಮುಗಿಯುವ ಹೊತ್ತಿಗೆ. ಗೋಡೆಗಳ ಕೆಲಸದ ಜೊತೆಗೆ ಅವನು ಅದೇ ಬೀದಿಯಲ್ಲಿ ಬೋರ್ಡು ಬರೆಯುವ ಅಂಗಡಿಯೊಂದನ್ನು ತೆರೆದು, ಅಲ್ಲಿನ ವ್ಯಾಪಾರಿಗಳಿಗೆ ಪುಕ್ಕಟೆಯಾಗಿ ನಾಮಫಲಕ ಬರೆದುಕೊಟ್ಟ. ಇಡೀ ಯೋಜನೆಯಲ್ಲಿ ಕಲಾವಿಮರ್ಶಕರು ಕಡಿಮೆ ಮಾತಾಡಿದ, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಭಾಗ ಇದು. ಕಟಿಂಗ್ ಶಾಪಿನವನಿಗೆ, ದಿನಸಿ ಅಂಗಡಿಯವನಿಗೆ ಬೇಕಾದದ್ದು ಕಾವ್ಯವಲ್ಲ, ಗಿರಾಕಿ. ಆ ಗಿರಾಕಿಯನ್ನು ಕರೆತರುವ ಅಕ್ಷರವೂ, ನಲ್ಲೆಯನ್ನು ಕರೆಯುವ ಅಕ್ಷರವೂ ಒಂದೇ ಕುಂಚದಿಂದ ಬಂದವು.

ಬೆಂಗಳೂರಿನ ಹೆಸರು ಬಂದದ್ದರಿಂದ ಒಂದು ಹೋಲಿಕೆ ಮಾಡಿಬಿಡಬಹುದು. 2009ರ ಆಸುಪಾಸಿನಲ್ಲೇ ಬಿಬಿಎಂಪಿ ಪೋಸ್ಟರ್ ಅಂಟಿಸುವವರನ್ನೂ ಗೋಡೆಯ ಬದಿಗೆ ನಿಲ್ಲುವವರನ್ನೂ ತಡೆಯಲೆಂದು ಊರಿನ ಕಾಂಪೌಂಡುಗಳ ಮೇಲೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಅದರಿಂದ ಕೂಲಿ ಸಿಕ್ಕಿದ್ದು ನಿಜ, ಅದು ಸಣ್ಣ ಮಾತಲ್ಲ. ಆದರೆ ಆ ಗೋಡೆಗಳಲ್ಲಿ ಮೂಡಿದ್ದು ಹಂಪಿಯ ಕಲ್ಲಿನ ರಥ, ಜಲಪಾತ, ಹುಲಿ, ಆನೆ. ಶೇಷಾದ್ರಿಪುರದ ಗೋಡೆಗೂ ಜಯನಗರದ ಗೋಡೆಗೂ ವ್ಯತ್ಯಾಸವಿರಲಿಲ್ಲ. ಕರ್ನಾಟಕದ ಕ್ಯಾಲೆಂಡರಿನ ಪುಟಗಳು ಅವು. ಯಾವ ಬಡಾವಣೆಯೊಡನೆಯೂ ಮಾತಾಡಲಿಲ್ಲ. ಅದೇ ಊರಿನಲ್ಲಿ ಕೆಲವು ವರ್ಷಗಳ ಮೇಲೆ ‘ಅರವಾನಿ ಆರ್ಟ್ ಪ್ರಾಜೆಕ್ಟ್’ನ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆಯರು ಕೆ.ಆರ್. ಮಾರುಕಟ್ಟೆಯ ಬಳಿ ‘ನಾವು ಇದ್ದೇವೆ’ ಎಂದು ಬರೆದಾಗ, ದಿನಾ ಅಲ್ಲಿ ಓಡಾಡುತ್ತಲೂ ತಮ್ಮನ್ನು ನೋಡದಂತೆ ಹೋಗುವವರನ್ನೇ ಅದು ನಿಲ್ಲಿಸಿ ಮಾತಾಡಿಸಿತು. ಪ್ರೀತಿ ಎಂಬ ಪದವೇ ಅಲ್ಲಿಲ್ಲ. ಆದರೂ ಊರಿನೊಡನೆ ನಂಟು ಕೇಳುವ ಮಾತು ಅದು. ಹುಲಿ ಜಲಪಾತಗಳು ಆ ಮಾತನ್ನು ಆಡಲಾರವು.

ಇನ್ನು ಆಕ್ಷೇಪಗಳ ಕಡೆಗೆ. ಮೊದಲನೆಯದು ಚರಿತ್ರೆಯದು, ಕಠಿಣವೂ ಹೌದು. ಫಿಲಡೆಲ್ಫಿಯಾದ ಗೋಡೆಗಳಿಗೂ ಪ್ರೇಮಕ್ಕೂ ಹಳೆಯ ಸಂಬಂಧ. 1960ರ ದಶಕದ ಕೊನೆಗೆ ‘ಕಾರ್ನ್‌ಬ್ರೆಡ್’ ಎಂಬ ಅಡ್ಡಹೆಸರಿನ ಹುಡುಗ, ತನಗೆ ಸಿಂಥಿಯಾ ಎಂಬ ಹುಡುಗಿಯ ಮೇಲೆ ಮನಸ್ಸಾಗಿದೆ ಎಂದು ಊರ ಗೋಡೆಗಳ ತುಂಬ ಬರೆದ. ಆಧುನಿಕ ಗ್ರಾಫಿಟಿಯ ಮೊದಲಿಗರಲ್ಲಿ ಅವನನ್ನು ಎಣಿಸುತ್ತಾರೆ. ಆ ಗೀಚುವಿಕೆ ಹಬ್ಬಿ ಹಬ್ಬಿ, 1984ರಲ್ಲಿ ಮೇಯರ್ ವಿಲ್ಸನ್ ಗೂಡ್ ಗ್ರಾಫಿಟಿ ವಿರೋಧಿ ಕಾರ್ಯಕ್ರಮವೊಂದನ್ನು ತೆರೆದರು. ಜೇನ್ ಗೋಲ್ಡನ್ ಎಂಬ ಕಲಾವಿದೆ ಅದರಲ್ಲಿ ಸೇರಿಕೊಂಡು, ಗೀಚುವ ಹುಡುಗರಿಗೆ ಶಿಕ್ಷೆಯ ಬದಲು ಕುಂಚ ಕೊಟ್ಟರು. ಇಂದಿನ ‘ಮ್ಯೂರಲ್ ಆರ್ಟ್ಸ್ ಫಿಲಡೆಲ್ಫಿಯಾ’ ಬೆಳೆದದ್ದು ಅದರಿಂದಲೇ. ಈವರೆಗೆ 4,000ಕ್ಕೂ ಹೆಚ್ಚು ಕಲಾಕೃತಿಗಳು ಆ ಕೆಲಸದಿಂದ ಬಂದಿವೆ, ‘ಲವ್ ಲೆಟರ್’ ಕೂಡ ಅದರದೇ. ಆದರೆ ಅದೇ ಮೇಯರರ ಆಡಳಿತ 1985ರ ಮೇ 13ರಂದು, ‘ಮೂವ್’ ಎಂಬ ಕರಿಯರ ಸಂಘಟನೆಯವರು ವಾಸವಿದ್ದ ಓಸೇಜ್ ಅವೆನ್ಯೂವಿನ ಮನೆಯ ಮೇಲೆ ಪೊಲೀಸ್ ಹೆಲಿಕಾಪ್ಟರಿನಿಂದ ಬಾಂಬು ಹಾಕಿತು. ಬೆಂಕಿಯನ್ನು ಬೇಕೆಂದೇ ಉರಿಯಲು ಬಿಟ್ಟರು. ಐವರು ಮಕ್ಕಳೂ ಸೇರಿ 11 ಜನ ಸತ್ತರು, 61 ಮನೆಗಳು ಸುಟ್ಟುಹೋದವು. ಆ ಜಾಗ ಪವರ್ಸನ ಚಿತ್ರಗಳ ಪಶ್ಚಿಮದ ತುದಿಯಿಂದ ನಡೆದೇ ಹೋಗುವಷ್ಟು ದೂರದಲ್ಲಿದೆ. ನಗರದ ಕೌನ್ಸಿಲು ವಿಧ್ಯುಕ್ತವಾಗಿ ಕ್ಷಮೆ ಕೇಳಿದ್ದು 2020ರಲ್ಲಿ. ಹೀಗಿರುವಾಗ ನಗರಾಡಳಿತದ ನೆರಳಿನಲ್ಲಿ ಬರೆದ ಪ್ರೇಮಪತ್ರವನ್ನು ವೆಸ್ಟ್ ಫಿಲಡೆಲ್ಫಿಯಾದವರು ಯಾಕೆ ತೆರೆದು ಓದಬೇಕು?

ನಗರವೇ ಸಹಿ ಮಾಡಿದ ಓಲೆಯಾಗಿದ್ದರೆ ಓದಬೇಕಿಲ್ಲ ಎಂದೇ ನಾನೂ ಹೇಳುತ್ತೇನೆ. ಆದರೆ ಈ ಗೋಡೆಗಳಲ್ಲಿ ನಗರ ‘ನಾನು ನಿಮ್ಮನ್ನು ಪ್ರೀತಿಸುತ್ತೇನೆ’ ಎಂದು ಎಲ್ಲಿಯೂ ಹೇಳುವುದಿಲ್ಲ. ಅಲ್ಲಿ ಮಾತಾಡುವವನು ದುಡ್ಡಿಗೆ ತತ್ವಾರವಿರುವ, ಫೋನಿನ ಕರೆನ್ಸಿ ಲೆಕ್ಕ ಹಾಕುವ, ಬಿಟ್ಟುಹೋದವಳನ್ನು ನೆನೆಯುವ ಒಬ್ಬ ಮನುಷ್ಯ. ಕೇಳಿಸಿಕೊಳ್ಳುವವಳು ಅದೇ ಬೀದಿಯವಳು. ಬಡಾವಣೆಯನ್ನು ಹೊಗಳುವ ಒಂದು ಸಾಲೂ ಇಲ್ಲ. ಇಲ್ಲಿ ಹೊಣೆ ಹೊರುವ ಜೀವಗಳಿವೆ, ಜಗಳವಾಡಿ ರಾಜಿಯಾಗುವ ಜೋಡಿಗಳಿವೆ ಎಂಬುದನ್ನು ಸುಮ್ಮನೆ ನಂಬಿಕೊಂಡು ಮಾತು ಮುಂದುವರಿಯುತ್ತದೆ. ಪತ್ರಿಕೆಗಳಲ್ಲಿ ಅಪರಾಧದ ಸುದ್ದಿಯಾಗಿ ಮಾತ್ರ ಕಾಣಿಸಿಕೊಳ್ಳುವ ಜಾಗಕ್ಕೆ ಇದು ಹೊಗಳಿಕೆಗಿಂತ ದೊಡ್ಡ ಮರ್ಯಾದೆ.

ಎರಡನೆಯ ಆಕ್ಷೇಪ ಲೆಕ್ಕಪತ್ರದ್ದು. ಬಣ್ಣಕ್ಕೆ ಹಾಕುವ ದುಡ್ಡನ್ನು ಬೀದಿ ದೀಪಕ್ಕೆ, ಸೋರುವ ಶಾಲೆಗೆ ಹಾಕಬಾರದೇ ಎಂದು ಕೇಳುವವರಿಗೆ ಬೆಂಬಲವಾಗಿ ಇದೇ ಊರಿನಲ್ಲಿ ಒಳ್ಳೆಯ ಪುರಾವೆಯಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಫಿಲಡೆಲ್ಫಿಯಾದ 541 ಪಾಳು ನಿವೇಶನಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವನ್ನು ಶುಚಿಗೊಳಿಸಿ ಹುಲ್ಲು ಬೆಳೆಸಿ ಬೇಲಿ ಹಾಕಿ, ಕೆಲವನ್ನು ಇದ್ದ ಹಾಗೇ ಬಿಟ್ಟು ಹೋಲಿಸಿ ನೋಡಿದರು. ಬಡ ಬಡಾವಣೆಗಳಲ್ಲಿ, ಶುಚಿಗೊಳಿಸಿದ ನಿವೇಶನಗಳ ಸುತ್ತ ಬಂದೂಕಿನ ಹಿಂಸೆ ಶೇ. 29ರಷ್ಟು ತಗ್ಗಿತ್ತು ಎಂದು 2018ರಲ್ಲಿ ಪ್ರಕಟಿಸಿದರು. ಗೋಡೆಚಿತ್ರದ ಪರವಾಗಿ ಇಷ್ಟು ಕಟ್ಟುನಿಟ್ಟಾದ ಅಂಕಿಯನ್ನು ಎದುರಿಗಿಡಲು ನನ್ನಿಂದಾಗದು. ಒಂದು ಬಡಾವಣೆಗೆ ಹುಲ್ಲು ಅಥವಾ ಚಿತ್ರ ಎರಡರಲ್ಲಿ ಒಂದೇ ಸಿಗುವುದಾದರೆ ಹುಲ್ಲನ್ನೇ ಕೊಡಿ. ಆದರೆ ಬಜೆಟ್ಟುಗಳು ಹಾಗೆ ನಡೆಯುವುದಿಲ್ಲ. ಲವ್ ಲೆಟರ್ ಚಿತ್ರಗಳಿಗೆ ಪ್ಯೂ ಎಂಬ ಖಾಸಗಿ ದತ್ತಿಯ ಕಲಾನಿಧಿಯಿಂದ ಬಂದ ಹಣ ದೀಪದ ಕಂಬಕ್ಕೆ ಬರುವಂಥದ್ದಾಗಿರಲಿಲ್ಲ. ಮೇಲಾಗಿ ಹುಲ್ಲು ಬೆಳೆದ ನಿವೇಶನದ ಪಾಠವೂ ನನ್ನ ವಾದಕ್ಕೆ ಎದುರಾಗಿಲ್ಲ: ಯಾರೋ ಈ ಜಾಗದ ನಿಗಾ ನೋಡುತ್ತಿದ್ದಾರೆ ಎಂಬುದು ದಿನಾ ಓಡಾಡುವವರ ಕಣ್ಣಿಗೆ ಬೀಳಬೇಕು. ಬಣ್ಣ ಬಳಿದು ಹಿಂದೆ ತಿರುಗಿ ನೋಡದ ಗೋಡೆ, ಒಣಗಿದ ಹುಲ್ಲಿನಷ್ಟೇ ನಿಷ್ಪ್ರಯೋಜಕ.

ಚಿತ್ರ ಬಂದರೆ ಬಾಡಿಗೆ ಏರುತ್ತದೆ, ಏರಿದ ಬಾಡಿಗೆ ಚಿತ್ರದ ಓದುಗರನ್ನೇ ಓಡಿಸುತ್ತದೆ ಎಂಬುದು ಮೂರನೆಯದು. ಇದನ್ನು ತೂಗುವಾಗ ರೈಲು ಸುರಂಗದಲ್ಲಿ ದಾಟಿ ಬಂದ ನೆಲವನ್ನು ನೆನೆಯಬೇಕು. ವಿಶ್ವವಿದ್ಯಾಲಯಗಳ ಆಸುಪಾಸಿನಲ್ಲಿ ‘ಬ್ಲಾಕ್ ಬಾಟಮ್’ ಎಂಬ ಕರಿಯರ ಬಡಾವಣೆ ಇತ್ತು. 1960ರ ದಶಕದಲ್ಲಿ ನಗರ ನವೀಕರಣದ ಹೆಸರಿನಲ್ಲಿ ಅದನ್ನು ನೆಲಸಮ ಮಾಡಿ, ಸಾವಿರಾರು ಜನರನ್ನು ಎಬ್ಬಿಸಿ, ಸಂಶೋಧನಾ ಕಟ್ಟಡಗಳನ್ನು ಕಟ್ಟಿದರು. ಅಲ್ಲಿ ಯಾವ ಗೋಡೆಚಿತ್ರವೂ ಬೇಕಾಗಲಿಲ್ಲ; ಭೂಸ್ವಾಧೀನದ ಕಾನೂನು, ಸಂಸ್ಥೆಗಳ ಹಸಿವು ಇವೆರಡೇ ಸಾಕಾದವು. ಜನರನ್ನು ಎಬ್ಬಿಸುವ ಶಕ್ತಿ ಬಣ್ಣಕ್ಕಿಲ್ಲ, ಜಾಗದ ಬೆಲೆಗಿದೆ. ಹಾಗೆಂದು ಬಣ್ಣ ಆ ಬೆಲೆಗೆ ದಲ್ಲಾಳಿಯಾಗದು ಎಂದಲ್ಲ. ಪವರ್ಸನೇ 2011ರಲ್ಲಿ ಬ್ರೂಕ್ಲಿನ್ನಿನಲ್ಲಿ, ಮೇಸಿಸ್ ಮಳಿಗೆಯ ಪಾರ್ಕಿಂಗ್ ಕಟ್ಟಡದ ಮೈತುಂಬ ಇಂಥದೇ ಪತ್ರ ಬರೆದ. ಆ ಕಟ್ಟಡ ಈಗಿಲ್ಲ. ಅದರ ಜಾಗದಲ್ಲಿ ಐವತ್ತಕ್ಕೂ ಹೆಚ್ಚು ಅಂತಸ್ತಿನ ಐಷಾರಾಮಿ ವಸತಿ ಗೋಪುರ ನಿಂತಿದೆ. ಊರ ನಡುವಿನ ವ್ಯಾಪಾರಿ ಸಂಸ್ಥೆಯ ಗೋಡೆಗೆ ಹಾಕಿದ ಪ್ರೀತಿಗೆ ಬೇರು ಇರಲಿಲ್ಲ ಎನ್ನಬಹುದು. ಅದಕ್ಕಿಂತ ಸರಳವಾಗಿ, ಗೋಡೆಯ ಒಡೆಯ ಯಾರೋ ಮಾತಿನ ಆಯುಷ್ಯವೂ ಅವನದೇ ಎನ್ನಬಹುದು. ಬಡಾವಣೆಯ ಸಣ್ಣ ಅಂಗಡಿಯ ಮಾಡನ್ನೇ ಆರಿಸಿಕೊಂಡದ್ದು ಮಾರ್ಕೆಟ್ ಸ್ಟ್ರೀಟಿನ ಚಿತ್ರಗಳಿಗೆ ಒಂದಿಷ್ಟು ರಕ್ಷಣೆ ಕೊಟ್ಟಿದೆ, ಪೂರ್ತಿ ಅಲ್ಲ.

ಮಾತಾಡುವ ಹಕ್ಕು ಯಾರದು ಎಂಬ ಪ್ರಶ್ನೆಯೂ ಬರುತ್ತದೆ. ಪವರ್ಸ್ ಬಿಳಿಯ; ಆ ಬೀದಿಗಳ ಜನ ಬಹುಪಾಲು ಕರಿಯರು. ಅವನು ಬೆಳೆದದ್ದು ವೆಸ್ಟ್ ಫಿಲಡೆಲ್ಫಿಯಾದ ಓವರ್‌ಬ್ರೂಕಿನಲ್ಲೇ, ಹರೆಯದಲ್ಲಿ ಗೋಡೆ ಗೀಚಿದ್ದೂ ಇದೇ ಊರಿನಲ್ಲಿ. ಇದು ಅರ್ಧ ಉತ್ತರ ಮಾತ್ರ. ಉಳಿದರ್ಧ ಅವನು ಜನರ ಜೊತೆ ಕೂತು ಮಾತು ಹೆಕ್ಕಿದ ಕ್ರಮದಲ್ಲಿದೆ. 2010ರಲ್ಲಿ ಸಿರಾಕ್ಯೂಸ್ ಊರಿನ ಹಳೆಯ ರೈಲು ಸೇತುವೆಗಳಿಗೆ ಬರೆದಾಗಲೂ ಅದೇ ಕ್ರಮ. ಮ್ಯೂರಲ್ ಆರ್ಟ್ಸ್‌ನ ಬೇರೆ ಚಿತ್ರಗಳಲ್ಲಿ ಇನ್ನೊಂದು ಪದ್ಧತಿಯಿದೆ: ಪ್ಯಾರಾಶೂಟ್ ಬಟ್ಟೆ ಎನ್ನುವ ತೆಳು ಹಾಳೆಗಳ ಮೇಲೆ ರೇಖೆ ಎಳೆದು, ಬಣ್ಣದ ಸಂಖ್ಯೆ ಹಾಕಿ, ಶಾಲೆಯಲ್ಲೋ ಸಮುದಾಯ ಭವನದಲ್ಲೋ ಜನರ ಕೈಲಿ ತುಂಬಿಸಿ, ಆಮೇಲೆ ಗೋಡೆಗೆ ಅಂಟಿಸುತ್ತಾರೆ. ಮಕ್ಕಳಿಗೆ ಖುಷಿಯೇ ಸರಿ. ಆದರೆ ಬೇರೆಯವರು ಎಳೆದ ಗೆರೆಯೊಳಗೆ ಬಣ್ಣ ತುಂಬುವುದನ್ನು ಪಾಲುಗಾರಿಕೆ ಎಂದು ಕರೆಯಲು ನನಗೆ ಹಿಂಜರಿಕೆ. ಗೆರೆ ಎಳೆಯುವ ಮೊದಲು ಕೇಳಿದ ಮಾತಿಗೆ ಬೆಲೆ ಹೆಚ್ಚು.

ನನ್ನ ಒರೆಗಲ್ಲನ್ನೇ ಒರೆಗೆ ಹಚ್ಚುವ ಗೋಡೆಯೊಂದು ಊರಿನ ದಕ್ಷಿಣದಲ್ಲಿತ್ತು. ಇಟಾಲಿಯನ್ ಮಾರ್ಕೆಟ್ಟಿನಲ್ಲಿ 1995ರಲ್ಲಿ ಬರೆದ ಫ್ರಾಂಕ್ ರಿಜ್ಜೋ ಚಿತ್ರ ಅದು. ಮೊದಲು ಪೊಲೀಸ್ ಕಮಿಷನರ್, ಆಮೇಲೆ 1972ರಿಂದ 1980ರವರೆಗೆ ಮೇಯರ್ ಆಗಿದ್ದ ಈತ ಅಲ್ಲಿನ ಇಟಾಲಿಯನ್ ಮನೆಗಳಿಗೆ ತಮ್ಮವನೆಂಬ ಹೆಮ್ಮೆ. ಚಿತ್ರಕ್ಕೆ ಖಚಿತ ವಿಳಾಸವಿತ್ತು, ಬಡಾವಣೆಯ ಒಪ್ಪಿಗೆಯಿತ್ತು, ನಿಜವಾದ ಪ್ರೀತಿಯೂ ಇತ್ತು. ಆದರೆ 1970ರಲ್ಲಿ ಕಮಿಷನರ್ ಆಗಿದ್ದಾಗ ಅವನ ಪೊಲೀಸರು ಬ್ಲಾಕ್ ಪ್ಯಾಂಥರ್ ಪಕ್ಷದವರನ್ನು ಬೀದಿಯಲ್ಲಿ ಬಟ್ಟೆ ಬಿಚ್ಚಿಸಿ ಗೋಡೆಗೆ ನಿಲ್ಲಿಸಿದ ಫೋಟೋ ದೇಶವೆಲ್ಲ ನೋಡಿದ್ದು. ಕರಿಯರಿಗೆ ಆ ಚಿತ್ರ ದಿನಾ ಕೆರಳುವ ಗಾಯ. 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ ಪ್ರತಿಭಟನೆಗಳ ಹೊತ್ತಿಗೆ, ಅದನ್ನು ಅಳಿಸಿದರು. ಅಂದರೆ ವಿಳಾಸವಿದ್ದರೆ ಸಾಲದು. ಗೋಡೆ ಒಬ್ಬರಿಗೆ ಬರೆದದ್ದಾದರೂ ಓದುವವರು ಎಲ್ಲರೂ. ನಮ್ಮವರ ಮೇಲಿನ ಒಲವು ಹೊರಗಿನವರಿಗೆ ಎಚ್ಚರಿಕೆಯಾಗಿ ಕೇಳಿಸಬಹುದು. ಪವರ್ಸ್ ಫುಲ್‌ಬ್ರೈಟ್ ನೆರವಿನಿಂದ ಹೋಗಿ ಕೆಲಸ ಮಾಡಿದ ಬೆಲ್‌ಫಾಸ್ಟ್‌ನಲ್ಲಂತೂ ಗೋಡೆಚಿತ್ರವೆಂದರೆ ಯಾವ ಪಂಗಡದ ಬೀದಿ ಎಲ್ಲಿ ಮುಗಿಯುತ್ತದೆ ಎಂಬುದರ ಗುರುತು. ಹಾಗಾಗಿ ವಿಳಾಸದ ಜೊತೆಗೆ ಎರಡನೆಯ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ: ಈ ಬಡಾವಣೆಯವನಲ್ಲದವನು ಇದನ್ನು ಓದಿದಾಗ ಅವನಿಗೆ ಒಳಗೆ ಬಾ ಎಂದು ಕೇಳಿಸುತ್ತದೆಯೋ, ಆಚೆ ನಿಲ್ಲು ಎಂದೋ? 52ನೇ ಬೀದಿಯ ಗೋಡೆ ಈ ಎರಡನೆಯ ಪರೀಕ್ಷೆಯಲ್ಲೂ ಗೆಲ್ಲುತ್ತದೆ. ರಿಜ್ಜೋ ಗೋಡೆ ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋತಿತು.

ಆದರೆ 52ನೇ ಬೀದಿಗೂ ಓಲೆ ಕವಚವಾಗಲಿಲ್ಲ. ರಿಜ್ಜೋ ಚಿತ್ರ ಅಳಿಸುವ ಮುನ್ನ, 2020ರ ಮೇ 31ರಂದು ಪೊಲೀಸರು ಆ ಬೀದಿಯ ಮನೆಗಳ ನಡುವೆ ಅಶ್ರುವಾಯು ಹಾರಿಸಿದರು. ಅದಕ್ಕೂ, ಮರುದಿನ ಹೆದ್ದಾರಿಯಲ್ಲೂ ಹಾಗೇ ಹಾರಿಸಿದ್ದಕ್ಕೂ ಸೇರಿ ನಗರ 2023ರಲ್ಲಿ 92.5 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಇದನ್ನು ಗೋಡೆಚಿತ್ರದ ಸೋಲು ಎಂದು ಎಣಿಸುವವರಿದ್ದರೆ, ಅವರು ಬಣ್ಣದಿಂದ ಪೊಲೀಸ್ ಸುಧಾರಣೆಯನ್ನು ನಿರೀಕ್ಷಿಸಿದ್ದರು ಎಂದಷ್ಟೇ ಹೇಳಬೇಕು.

ಇಂಥ ಚಿತ್ರಗಳನ್ನು ಎಂದೆಂದಿಗೂ ಕಾಪಾಡಬೇಕೇ ಎಂಬುದಕ್ಕೆ ನನ್ನ ಉತ್ತರ, ಬೇಡ. ಈ ಊರಿನ ಬಹುಪಾಲು ಗೋಡೆಚಿತ್ರಗಳು ಪಕ್ಕದ ನಿವೇಶನ ಖಾಲಿ ಇದ್ದದ್ದರಿಂದ ಹುಟ್ಟಿದವು. ಅಲ್ಲಿ ಮನೆ ಎದ್ದರೆ ಚಿತ್ರ ಮುಚ್ಚುವುದು ಬಡಾವಣೆಗೆ ನಷ್ಟವಲ್ಲ, ಆ ಮನೆಯಲ್ಲಿ ಅಲ್ಲಿನವರೇ ಇರಲು ಸಾಧ್ಯವಾದರೆ. ಸ್ಟ್ರಾಬೆರಿ ಮ್ಯಾನ್ಶನ್ ಬಡಾವಣೆಯಲ್ಲಿ, ಜಾಝ್ ಸಂಗೀತಗಾರ ಜಾನ್ ಕೋಲ್ಟ್ರೇನ್ ಇದ್ದ ಮನೆಯ ಹತ್ತಿರ, ಡೈಮಂಡ್ ಬೀದಿಯ ಮೂಲೆಯಲ್ಲಿ ಅವರ ದೊಡ್ಡ ಚಿತ್ರವಿತ್ತು. 2014ರಲ್ಲಿ ಆ ಕಟ್ಟಡ ಕೆಡವಿದಾಗ ಚಿತ್ರವೂ ಹೋಯಿತು. ಹೋದದ್ದನ್ನು ಯಥಾವತ್ತಾಗಿ ಮತ್ತೆ ಬರೆಯಲಿಲ್ಲ. 2017ರಲ್ಲಿ ಅದೇ ಡೈಮಂಡ್ ಬೀದಿಯಲ್ಲಿ, ಕೆಲವು ಅಡ್ಡರಸ್ತೆಗಳ ಆಚೆ, ಅರ್ನೆಲ್ ಮಾರ್ಟಿನೆಜ್ ಎಂಬ ಕಲಾವಿದ ಬೇರೆಯದೇ ಕೋಲ್ಟ್ರೇನರನ್ನು ಬರೆದರು. ಮಾರ್ಕೆಟ್ ಸ್ಟ್ರೀಟಿನ ಓಲೆಗಳಿಗೂ ಹೀಗೇ ಆಗಬೇಕು. ಪ್ರೀಪೇಡ್ ಕರೆನ್ಸಿಯ ಕಷ್ಟ ಇವತ್ತಿನ ಹುಡುಗರಿಗೆ ಅರ್ಥವಾಗದ ದಿನ ಬಂದರೆ, ಮಾಸಿದ ಅಕ್ಷರಕ್ಕೆ ಅದೇ ಬಣ್ಣ ತುಂಬುವ ಬದಲು, 2009ರಲ್ಲಿ ಕೇಳಿದ ಹಾಗೆ ಮತ್ತೊಮ್ಮೆ ಹೋಗಿ ಕೇಳುವುದು ಒಳ್ಳೆಯದು: ಈಗ ಇಲ್ಲಿ ಯಾರಿದ್ದೀರಿ, ಯಾರಿಗೆ ಏನು ಹೇಳಬೇಕಿದೆ?